ಎಂಎ ಮುಗೀತು, ಪಾಠ ಮಾಡುವ ಕೆಲಸ ಬೇಡ. ಮಂಗಳೂರು–ಉಡುಪಿಯಲ್ಲಿ ಬೇರೆ ಏನು ಉಂಟು?

ಕಡಲತಡಿ

ಎಲ್ಲರಿಗೂ ನಮಸ್ಕಾರ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎ ಇತಿಹಾಸ ಮುಗಿಸಿದ್ದೇನೆ. ಮನೆ ಉಡುಪಿಯ ಹತ್ತಿರ. ಈಗ ಸಿಕ್ಕವರೆಲ್ಲ ಹೇಳುವುದು ಮೂರೇ ಮಾತು: ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಬರಿ, ಬಿಎಡ್ ಮಾಡು, ಇಲ್ಲದಿದ್ದರೆ ಬ್ಯಾಂಕ್ ಪರೀಕ್ಷೆಗೆ ಓದು. ನೆಟ್ ಪಾಸಾದ ಸೀನಿಯರ್‌ಗಳು ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದದ್ದನ್ನು ನೋಡಿದ್ದೇನೆ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕಾಯುವುದು. ಅದೂ ಅಲ್ಲದೆ ಕ್ಲಾಸಿನಲ್ಲಿ ನಿಂತು ಪಾಠ ಮಾಡುವ ಆಸೆ ನನಗೆ ಮೊದಲಿನಿಂದಲೂ ಇಲ್ಲ. ಇತಿಹಾಸ ಮಾತ್ರ ತುಂಬಾ ಇಷ್ಟಪಟ್ಟು ಓದಿದ್ದು. ಅದನ್ನು ಪೂರ್ತಿ ಬಿಟ್ಟು ಬೇರೇನೋ ಮಾಡಲು ಮನಸ್ಸು ಬರುವುದಿಲ್ಲ.

ಬಿಎ, ಎಂಎ ಮಾಡಿ ಕಾಲೇಜಿನ ಹೊರಗೆ ದುಡಿಯುವವರು ಇಲ್ಲಿದ್ದರೆ ಸ್ವಲ್ಪ ಬಿಡಿಸಿ ಹೇಳ್ತೀರಾ? ದಿನವಿಡೀ ಎಂತ ಕೆಲಸ ಮಾಡುತ್ತೀರಿ, ಅಲ್ಲಿಗೆ ಹೇಗೆ ಹೋದಿರಿ, ಹೊಸದಾಗಿ ಏನು ಕಲಿಯಬೇಕಾಯಿತು? ಆದಷ್ಟು ಸುರತ್ಕಲ್–ಬ್ರಹ್ಮಾವರದ ಮಧ್ಯೆ, ಬಸ್ಸಲ್ಲಿ ಹೋಗಿ ಬರುವಷ್ಟು ದೂರ ಇದ್ದರೆ ಒಳ್ಳೆಯದು. ಕನ್ನಡ, ತುಳು ಚೆನ್ನಾಗಿ ಬರುತ್ತದೆ. ಕೊಂಕಣಿ ಅರ್ಥ ಆಗುತ್ತದೆ. ಇಂಗ್ಲಿಷ್ ಬರೆಯಲು ತೊಂದರೆ ಇಲ್ಲ, ಮಾತಾಡುವಾಗ ಸ್ವಲ್ಪ ತಡವರಿಸುತ್ತೇನೆ.

ಬೆಂದೂರ್‌ವೆಲ್

ನಾನು ಎಂಎ ಇಂಗ್ಲಿಷ್. ಈಗ ಕಂಟೆಂಟ್ ಡಿಸೈನರ್. ಮೊಬೈಲ್ ಆಪ್ ತೆರೆದಾಗ ಕಾಣುವ ಬಟನ್ನು, ಸೂಚನೆ, ಎಚ್ಚರಿಕೆ ಎಲ್ಲದರ ಮಾತನ್ನೂ ಯಾರೋ ಕೂತು ಬರೆದಿರುತ್ತಾರೆ. ಅದೇ ನನ್ನ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. ಮಾರ್ಕೆಟಿನಲ್ಲಿ ಒಬ್ಬರು ಮೀನು ತಗೊಂಡು ಫೋನಿನಿಂದ ದುಡ್ಡು ಕಳಿಸುತ್ತಾರೆ. ನೆಟ್‌ವರ್ಕ್ ಕೈಕೊಡುತ್ತದೆ. ಪರದೆಯಲ್ಲಿ 'ವ್ಯವಹಾರ ವಿಫಲವಾಗಿದೆ' ಅಂತ ಬರುತ್ತದೆ, ಕೆಳಗೆ ಒಂದು ಸಂಖ್ಯೆ. ಅವರ ತಲೆಯಲ್ಲಿ ಓಡುವುದೇ ಬೇರೆ: ನನ್ನ ದುಡ್ಡು ಹೋಯ್ತಾ? ಈಗ ಇನ್ನೊಮ್ಮೆ ಕಳಿಸಿದರೆ ಎರಡು ಸಲ ಕಟ್ ಆಗುತ್ತದಾ? ಹಿಂದೆ ಕ್ಯೂ ನಿಂತಿದೆ, ಮೀನಿನವರು ಮುಖ ನೋಡುತ್ತಿದ್ದಾರೆ. ಅಲ್ಲಿ ಬೇಕಾದದ್ದು 'ದುಡ್ಡು ನಿಮ್ಮ ಖಾತೆಯಲ್ಲೇ ಇದೆ. ಇನ್ನೊಮ್ಮೆ ಕಳಿಸಬಹುದು' ಅನ್ನುವ ಎರಡು ಸಾಲು. ಆದರೆ ಅದನ್ನು ಸುಮ್ನೆ ಬರೆಯಲು ಆಗುವುದಿಲ್ಲ. ಬ್ಯಾಂಕಿನಿಂದ ಉತ್ತರ ಬರದೆ ಅರ್ಧದಲ್ಲಿ ನಿಂತಿದ್ದರೆ ಆ ಮಾತು ಸುಳ್ಳಾಗುತ್ತದೆ. ಆಗ 'ಬ್ಯಾಂಕಿನಿಂದ ಉತ್ತರ ಬಂದಿಲ್ಲ, ಸದ್ಯಕ್ಕೆ ಮತ್ತೆ ಕಳಿಸಬೇಡಿ' ಅಂತ ಬೇರೆಯೇ ಬರೆಯಬೇಕು. ಯಾವ ಸಂದರ್ಭದಲ್ಲಿ ಯಾವುದು ಅಂತ ಎಂಜಿನಿಯರ್‌ಗಳ ಹತ್ತಿರ ಕೂತು ಕೇಳಿ ಕೇಳಿ ತಿಳಿಯಬೇಕು. ಓದುವವರು ಯಾರು, ಯಾವ ಸ್ಥಿತಿಯಲ್ಲಿ ಓದುತ್ತಿದ್ದಾರೆ, ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಅಂತ ಹುಡುಕುವುದು ಎಂಎಯಲ್ಲಿ ಮಾಡಿದ್ದೇ ಅಲ್ವಾ?

ಈ ಥರದ ಕೆಲಸಕ್ಕೆ ಜಾಹೀರಾತಿನಲ್ಲಿ 'ಎಂಎ ಇತಿಹಾಸ ಬೇಕು' ಅಂತ ಯಾರೂ ಹಾಕುವುದಿಲ್ಲ. ಕೆಲಸದ ಹೆಸರು ಹಿಡಿದು ಹುಡುಕಿ: ಕಂಟೆಂಟ್ ಡಿಸೈನರ್, ಯುಎಕ್ಸ್ (ಬಳಸುವವರ ಅನುಭವ) ರೈಟರ್, ಯುಎಕ್ಸ್ ರಿಸರ್ಚರ್, ಟೆಕ್ನಿಕಲ್ ರೈಟರ್, ಇನ್‌ಸ್ಟ್ರಕ್ಷನಲ್ ಡಿಸೈನರ್. ಸಾಫ್ಟ್‌ವೇರ್ ಅಂದರೆ ಬೆಂಗಳೂರು ಅಂತ ಅಂದುಕೊಳ್ಳುವುದೂ ಬೇಡ. ರೋಬೋಸಾಫ್ಟ್ 1996ರಲ್ಲಿ ಉಡುಪಿಯಲ್ಲೇ ಶುರುವಾದದ್ದು. ಮೊಬೈಲ್ ಗೇಮ್ ಮಾಡುವ 99 ಗೇಮ್ಸ್ ಕೂಡ ಉಡುಪಿಯದ್ದೇ. ಗೇಮಿನಲ್ಲೂ ಪಾತ್ರ ಉಂಟು, ಮಾತು ಉಂಟು, ಕಥೆ ಉಂಟು. ಅವನ್ನೂ ಯಾರಾದರೂ ಬರೆಯಲೇಬೇಕು.

ನಿಮ್ಮ ರೆಸ್ಯೂಮೆಯಲ್ಲಿ ಎಂಎ ಬಗ್ಗೆ ಏನು ಬರೆದಿದ್ದೀರಿ, ಇಲ್ಲಿ ಹಾಕಿ ನೋಡೋಣ.

ಕಡಲತಡಿ

ಅಕ್ಕ, ಬರೆದಿರುವುದು ಇಷ್ಟೇ: 'ಎಂಎ ಇತಿಹಾಸ, ಪ್ರಥಮ ದರ್ಜೆ. ಲಘು ಪ್ರಬಂಧ: ಮಲ್ಪೆಯ ಮೀನು ಮಾರುವ ಮಹಿಳೆಯರ ಮೌಖಿಕ ಇತಿಹಾಸ. ಕಂಪ್ಯೂಟರ್ ಜ್ಞಾನ: ವರ್ಡ್, ಎಕ್ಸೆಲ್.'

ಬೆಂದೂರ್‌ವೆಲ್

ಇದನ್ನು ಓದಿದವರಿಗೆ ನೀವು ಏನು ಮಾಡಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ. ನಾನು ಊಹಿಸಿ ಕೇಳುತ್ತೇನೆ. ಆ ಹೆಂಗಸರು ಮೊದಲ ದಿನವೇ ನಿಮ್ಮ ಹತ್ತಿರ ಮಾತಾಡಿದರಾ? ಇಲ್ಲ ಅಲ್ವಾ. ಯಾರನ್ನೋ ಪರಿಚಯ ಮಾಡಿಕೊಂಡು, ನಂಬಿಕೆ ಬಂದ ಮೇಲೆ ಮಾತಾಡಿರುತ್ತಾರೆ. ಪ್ರಶ್ನೆ ನೀವೇ ತಯಾರು ಮಾಡಿದ್ದೀರಿ. ಮೊದಲಿನ ಕೆಲವು ಪ್ರಶ್ನೆಗಳು ಅವರಿಗೆ ಅರ್ಥ ಆಗದೆ ಬದಲಾಯಿಸಿರುತ್ತೀರಿ. ತುಳುವಿನಲ್ಲಿ ಆದ ಮಾತನ್ನು ರೆಕಾರ್ಡ್ ಮಾಡಿ, ಅಕ್ಷರಕ್ಕಿಳಿಸಿ, ಕನ್ನಡಕ್ಕೆ ತಂದಿದ್ದೀರಿ. ಅಷ್ಟು ಮಾತಿನ ರಾಶಿಯಲ್ಲಿ ಸಾಲದ ವಿಷಯ ಒಂದು ಕಡೆ, ಹರಾಜಿನ ವಿಷಯ ಒಂದು ಕಡೆ, ಬಸ್ಸಲ್ಲಿ ಬುಟ್ಟಿ ಹತ್ತಿಸದ ವಿಷಯ ಇನ್ನೊಂದು ಕಡೆ ಅಂತ ವಿಂಗಡಿಸಿದ್ದೀರಿ. ಎಲ್ಲರೂ ಹೇಳಿದ್ದು ಯಾವುದು, ಒಬ್ಬರೇ ಹೇಳಿದ್ದು ಯಾವುದು ಅಂತ ಬೇರೆ ಮಾಡಿದ್ದೀರಿ.

ಕಂಪನಿಗಳು ಯೂಸರ್ ರಿಸರ್ಚ್ ಅಂತ ಕರೆಯುವುದು ಇದನ್ನೇ. ಆಪ್ ಬಳಸುವವರ ಹತ್ತಿರ ಹೋಗಿ, ಮಾತಾಡಿಸಿ, ಅವರಿಗೆ ನಿಜವಾಗಿ ಕಷ್ಟ ಎಲ್ಲಿ ಅಂತ ತಂಡಕ್ಕೆ ತಿಳಿಸುವುದು. ಹಾಗಾಗಿ ಹೀಗೆ ಬರೆಯಿರಿ:

'ಮಲ್ಪೆ ಬಂದರಿನಲ್ಲಿ ಮೀನು ಮಾರುವ ಮಹಿಳೆಯರನ್ನು ತುಳುವಿನಲ್ಲಿ ಸಂದರ್ಶಿಸಿದ್ದೇನೆ. ಪ್ರಶ್ನಾವಳಿ ರೂಪಿಸಿ, ಸಂದರ್ಶನ ನೋಡಿಕೊಂಡು ತಿದ್ದಿದ್ದೇನೆ. ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಿ ಕನ್ನಡಕ್ಕೆ ಅನುವಾದಿಸಿ, ವಿಷಯವಾರು ವಿಂಗಡಿಸಿ ವರದಿ ಬರೆದಿದ್ದೇನೆ.'

ಎಷ್ಟು ಜನ, ಎಷ್ಟು ಗಂಟೆಯ ರೆಕಾರ್ಡಿಂಗ್ ಅಂತಲೂ ಸೇರಿಸಿ. ಇಲ್ಲದ್ದನ್ನು ಹಾಕಬೇಡಿ, ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ.

ಇನ್ನೊಂದು ಕೆಲಸ ಉಂಟು, ಇದು ರೆಸ್ಯೂಮೆಗಿಂತ ಮುಖ್ಯ. ಆ ಪ್ರಬಂಧದಿಂದ ಎರಡು ಪುಟದ ಒಂದು ಬರಹ ಮಾಡಿ. ತಲೆಬರಹ: 'ಮಲ್ಪೆಯ ಮೀನುಗಾರ ಮಹಿಳೆಯರಿಗೆ ಸಾಲದ ಆಪ್ ಮಾಡುವವರು ತಿಳಿದಿರಬೇಕಾದದ್ದು.' ಅವರಿಗೆ ದುಡ್ಡು ಯಾವ ಹೊತ್ತಿನಲ್ಲಿ ಬೇಕು, ಎಷ್ಟು ಹೊತ್ತಿಗೆ ತೀರಿಸುತ್ತಾರೆ, ಫೋನ್ ಯಾರ ಕೈಯಲ್ಲಿರುತ್ತದೆ, ಮಳೆಗಾಲದಲ್ಲಿ ಬೋಟ್ ಇಳಿಯದಿದ್ದಾಗ ಕಂತು ಹೇಗೆ ಕಟ್ಟುತ್ತಾರೆ. ನಿಮ್ಮ ಹತ್ತಿರ ಇದೆಲ್ಲ ಈಗಲೇ ಉಂಟು. ನಾನು ಕೆಲಸಕ್ಕೆ ಜನ ಆರಿಸುವಾಗ ಅಂಕಪಟ್ಟಿ ಆಮೇಲೆ ನೋಡುತ್ತೇನೆ. ಇಂಥ ಎರಡು ಪುಟ ಇದ್ದರೆ ಅದನ್ನು ಮೊದಲು ಓದುತ್ತೇನೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂಜಿಬೆಟ್ಟು

ಬ್ಯಾಂಕ್ ಪರೀಕ್ಷೆಯನ್ನು ಇಷ್ಟು ಬೇಗ ಬದಿಗಿಡಬೇಡಿ ಮಗಳೇ. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ದೊಡ್ಡದಾಗಿ ಬೆಳೆದ ಬ್ಯಾಂಕುಗಳೇ ಐದು: ಕೆನರಾ ಮತ್ತು ಕಾರ್ಪೊರೇಶನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಅದರಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕಿನೊಳಗೆ ಸೇರಿ ಹೋದವು. ಈ ಊರಿನ ಎಷ್ಟೋ ಬಿಎ ಪದವೀಧರರು ಆ ಕೌಂಟರುಗಳಲ್ಲೇ ಸಂಸಾರ ಕಟ್ಟಿದರು. ಇವತ್ತಿಗೂ ಕ್ಲರ್ಕ್ ಮತ್ತು ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಗೆ ಯಾವ ಪದವಿಯಾದರೂ ನಡೆಯುತ್ತದೆ.

ವಯಸ್ಸಿನ ಲೆಕ್ಕ ಮಾತ್ರ ನೆನಪಿರಲಿ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಕ್ಲರ್ಕ್‌ಗೆ 28, ಪಿಒಗೆ 30. ನೆಟ್‌ಗೆ ಓದುತ್ತಾ ಓದುತ್ತಾ ಈ ವಯಸ್ಸು ದಾಟಿಸಿದ ಮಕ್ಕಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹಿಂದಿ ಎಂಎ ಮಾಡಿ, ಪದವಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಓದಿದವರಿದ್ದರೆ ರಾಜಭಾಷಾ ಅಧಿಕಾರಿ ಅಂತ ಬೇರೆಯೇ ಹುದ್ದೆ ಇದೆ. ನಮ್ಮ ಕಡೆಯವರಿಗೆ ಇದರ ಸುದ್ದಿಯೇ ತಲುಪುವುದಿಲ್ಲ. ಹಿಂದಿ ವಿಭಾಗದ ಮಕ್ಕಳಿಗೆ ದಯವಿಟ್ಟು ಹೇಳಿ.

ಕಡಲತಡಿ

ಧನ್ಯವಾದ ಸರ್. ವಯಸ್ಸಿನ ವಿಷಯ ನಮ್ಮ ಬ್ಯಾಚಿನ ಗ್ರೂಪಿಗೆ ಹಾಕುತ್ತೇನೆ.

ಕರಂಗಲ್ಪಾಡಿ

ಇತಿಹಾಸ ಓದಿದವರು ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಎಂಎ ಇತಿಹಾಸ ಮಾಡಿ ವಕೀಲರ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಎಲ್ಎಲ್‌ಬಿ ಮಾಡಿಲ್ಲ. ನನ್ನ ಕೆಲಸ ಜಾಗದ ಹಳೆ ದಾಖಲೆ ಓದುವುದು.

ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಇಲ್ಲಿಯ ಹಳೆ ಕಾಗದಪತ್ರದ ಭಾಷೆಯೇ ಬೇರೆ. ವರ್ಗ, ಕುಮ್ಕಿ, ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ, ಅಡಂಗಲ್ ಅಂತೆಲ್ಲ ಬರುತ್ತದೆ. ಬೆಂಗಳೂರಿನಿಂದ ಬಂದ ವಕೀಲರು ಮೂಲಗೇಣಿ ಚೀಟಿ ಹಿಡಿದು ಸುಮ್ಮನೆ ಕೂತದ್ದನ್ನು ನೋಡಿದ್ದೇನೆ. ಕೈಬರಹ ಮೋಡಿ ಲಿಪಿಯ ಹಾಗೆ ಸುತ್ತಿಕೊಂಡಿರುತ್ತದೆ. ಗಡಿ ಹೇಳುವಾಗ 'ಪಡುವಣಕ್ಕೆ ತೋಡು, ಮೂಡಣಕ್ಕೆ ಇಂಥವರ ಕಟ್ಟಪುಣಿ' ಅಂತ ಇರುತ್ತದೆ. ಇವತ್ತು ಆ ತೋಡಿನ ಮೇಲೆ ಕಾಂಕ್ರೀಟ್ ರಸ್ತೆ ಆಗಿರಬಹುದು.

ಅಳಿಯಸಂತಾನ ಕುಟುಂಬದ ಜಾಗ ಆದರೆ ವಂಶವೃಕ್ಷವನ್ನು ತಾಯಿಯ ಕಡೆಯಿಂದ ಬರೆಯಬೇಕು. 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1974ರ ಭೂಸುಧಾರಣೆಯಲ್ಲಿ ಆದ ಡಿಕ್ಲರೇಶನ್ (ಗೇಣಿದಾರರ ಹಕ್ಕಿನ ಅರ್ಜಿ), 2011ರ ಮೂಲಗೇಣಿದಾರರ ಕಾಯ್ದೆ, ಹೀಗೆ ಒಂದೊಂದು ಇಸವಿಗೂ ಒಂದೊಂದು ತಿರುವು. ಯಾವ ಪತ್ರ ಯಾವ ಕಾಯ್ದೆಯ ಮೊದಲು, ಯಾವುದು ಆಮೇಲೆ ಅಂತ ತಾರೀಕುವಾರು ಪಟ್ಟಿ ಮಾಡಿ ವಕೀಲರ ಮೇಜಿನ ಮೇಲೆ ಇಟ್ಟರೆ ಅವರ ಅರ್ಧ ಕೆಲಸ ಮುಗಿದ ಹಾಗೆ. ಮೂಲ ದಾಖಲೆ ಎಷ್ಟು ನಂಬಬಹುದು, ಎರಡು ದಾಖಲೆ ಒಂದಕ್ಕೊಂದು ತಾಳೆ ಆಗದಿದ್ದರೆ ಏನು ಮಾಡಬೇಕು ಅಂತ ಎಂಎಯಲ್ಲಿ ಮೊದಲ ಸೆಮಿಸ್ಟರಿನಲ್ಲೇ ಕಲಿಸಿದ್ದರು. ಇಲ್ಲಿ ದಿನಾ ಅದೇ.

ಇದಕ್ಕೆ ಜನ ಬೇಕಾಗಿದ್ದಾರೆ. ದುಬೈ, ಕುವೈತ್, ಮುಂಬೈಯಲ್ಲಿ ಇರುವವರು ಕುಟುಂಬದ ಜಾಗ ಪಾಲು ಮಾಡಲು, ಮಾರಲು ಬರುತ್ತಾರೆ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಹಳೆ ಪತ್ರದಲ್ಲಿ ಏನಿದೆ ಅಂತ ಇಂಗ್ಲಿಷಿನಲ್ಲಿ ಬರೆದು ಕೊಡಿ ಅನ್ನುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ. ನಾವು ಓದಿ ಸಾರಾಂಶ ಕೊಡಬಹುದು, ಹಕ್ಕು ಯಾರದ್ದು ಅಂತ ಅಭಿಪ್ರಾಯ ಕೊಡಬೇಕಾದವರು ವಕೀಲರು. ಆ ಗೆರೆ ದಾಟಬಾರದು. ಶುರುವಿನಲ್ಲಿ ಸಂಬಳ ಕಡಿಮೆ, ಸುಳ್ಳು ಹೇಳುವುದಿಲ್ಲ. ಓದುವ ಕೈ ಪಳಗಿದ ಮೇಲೆ ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಬೇರೆ ಆಫೀಸುಗಳಿಂದಲೂ ಕೆಲಸ ಬರುತ್ತದೆ.

ಬಿಜೈ ಓದುಗ

ಇದೆಲ್ಲ ಕೇಳಲು ಚೆಂದ. ಆದರೆ ಸಂಬಳದ ಮಾತು ಬಂದಾಗ ಬೆಂಗಳೂರಿಗೆ ಹೋಗದೆ ಆಗುವುದಿಲ್ಲ. ನನ್ನ ತಂಗಿ ಇಲ್ಲೇ ಹುಡುಕಿ ಹುಡುಕಿ ಸಾಕಾಗಿ ಹೋದಳು. ಈಗ ಅಲ್ಲಿ ಚೆನ್ನಾಗಿದ್ದಾಳೆ.

ಬೆಂದೂರ್‌ವೆಲ್

ಅದೂ ನಿಜ. ನಾನೂ ಮೊದಲು ಬೆಂಗಳೂರಿನಲ್ಲಿದ್ದು ಆಮೇಲೆ ಮನೆಯಿಂದ ಕೆಲಸ ಮಾಡುವ ಒಪ್ಪಂದದಲ್ಲಿ ಊರಿಗೆ ಬಂದವಳು. ಹೊಸಬರಿಗೆ ಪಕ್ಕದಲ್ಲಿ ಕೂತು ತಿದ್ದಿ ಕೊಡುವವರು ಬೇಕು. ಮನೆಯಲ್ಲಿ ಒಬ್ಬರೇ ಕೂತರೆ ಆ ಕಲಿಕೆ ನಿಧಾನ. ಹೋಗಲು ಆಗುವವರು ಒಂದೆರಡು ವರ್ಷ ಹೋಗಿ ಬನ್ನಿ. ಆಗದವರು ಇಲ್ಲಿಯ ಸಣ್ಣ ಆಫೀಸಿನಲ್ಲೇ ಶುರು ಮಾಡಿ. ಹುಡುಗಿಯರಿಗೆ ಮನೆಯಿಂದ ಕಳಿಸುವ ಪ್ರಶ್ನೆಯೂ ಇರುತ್ತದೆ ಅಂತ ನನಗೆ ಗೊತ್ತು.

ಸಾವಿರ ಕಂಬ

ನಾನು ಟೂರಿಸ್ಟ್ ಗೈಡ್. ಓದಿದ್ದು ಬಿಎ. ಪಣಂಬೂರಿನ ಬಂದರಿಗೆ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಪ್ರವಾಸಿ ಹಡಗು ಬರುತ್ತದೆ. ಬೆಳಿಗ್ಗೆ ಇಳಿಯುತ್ತಾರೆ, ಸಂಜೆಗೆ ಹಡಗು ಹೊರಡುತ್ತದೆ. ಅಷ್ಟರೊಳಗೆ ಮೂಡುಬಿದಿರೆ, ಕಾರ್ಕಳ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ಹೀಗೆ ಒಂದೊಂದು ಬಸ್ಸು ಒಂದೊಂದು ಕಡೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಕಾರ್ಕಳದ ಗೊಮ್ಮಟ 1432ರದ್ದು, ಎತ್ತರ 42 ಅಡಿ. ಇದು ಎಲ್ಲರ ಫೋನಿನಲ್ಲೂ ಸಿಗುತ್ತದೆ. ಅವರು ನಿಜವಾಗಿ ಕೇಳುವುದು ಬೇರೆ. ಬಸದಿಯ ಮಂಟಪದ ಬುಡದಲ್ಲಿ ಜಿರಾಫೆಯ ಕೆತ್ತನೆ ಉಂಟು, ಚೀನಾದ ಡ್ರ್ಯಾಗನ್ ಉಂಟು. ಬಗ್ಗಿ ತೋರಿಸಿದ ಕೂಡಲೇ 'ಇದು ಇಲ್ಲಿಗೆ ಹೇಗೆ ಬಂತು?' ಅನ್ನುತ್ತಾರೆ. ಆಗ ಕರಾವಳಿಯ ವ್ಯಾಪಾರ, ಕಾಳುಮೆಣಸು, ಬಸದಿಗೆ ದುಡ್ಡು ಕೊಟ್ಟ ಜೈನ ಸೆಟ್ಟಿಗಳು, ಹಡಗುಗಳು ಹೋಗಿ ಬರುತ್ತಿದ್ದ ದೇಶಗಳು ಎಲ್ಲ ಹೇಳಬೇಕು. ಐದು ನಿಮಿಷದಲ್ಲಿ ಹೇಳಬೇಕು, ಬಿಸಿಲಿನಲ್ಲಿ ನಿಂತಿರುವ 70 ವರ್ಷದವರಿಗೆ ಹೇಳಬೇಕು. ಇತಿಹಾಸ ಚೆನ್ನಾಗಿ ಓದಿದವರಿಗೂ ಬಾಯಿಪಾಠ ಮಾಡಿದವರಿಗೂ ಆ ಐದು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳ ಎದುರು ಇಟಲಿಯವರೇ ನಿಂತಾಗ ನಾನು ಕಲಿತದ್ದೂ ಉಂಟು, ಕಲಿಸಿದ್ದೂ ಉಂಟು.

ಪ್ರವಾಸೋದ್ಯಮ ಇಲಾಖೆಯ ತರಬೇತಿ ಮತ್ತು ಗುರುತಿನ ಚೀಟಿ ಮಾಡಿಸಿಕೊಳ್ಳಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆನ್‌ಲೈನ್ ಕೋರ್ಸೂ ಇದೆ. ಮಾತಾಡುವಾಗಿನ ತಡವರಿಕೆ ಒಂದು ಸೀಸನ್ನಿನಲ್ಲಿ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಮಳೆಗಾಲದಲ್ಲಿ ಈ ಆದಾಯ ಇಲ್ಲ. ನಾನು ಆಗ ಹೋಂಸ್ಟೇಗಳಿಗೆ ಊರಿನ ಪರಿಚಯ ಬರೆದುಕೊಡುತ್ತೇನೆ. ಇದೊಂದನ್ನೇ ನಂಬಿ ಕೂರುವುದು ಕಷ್ಟ.

ಓಲೆಗರಿ

ಹಸ್ತಪ್ರತಿ, ಗ್ರಂಥಾಲಯ, ದಾಖಲೆ ಸಂಗ್ರಹದ ಕಡೆಯಿಂದ ಎರಡು ಮಾತು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಕಾಲದ ಸಂಗ್ರಹ ಇದೆ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ. ಆರು ಸಂಪುಟದ ತುಳು ನಿಘಂಟು ಬಂದದ್ದು ಅಲ್ಲಿಂದ. ಪ್ರಾಚ್ಯ ಸಂಚಯವೂ ಉಡುಪಿಯಲ್ಲೇ ಇದೆ.

ಓಲೆಗರಿ ಕೈಗೆ ಬಂದಾಗ ಮೊದಲು ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುತ್ತೇವೆ. ಒಣಗಿ ಒರಟಾಗಿದ್ದರೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಮೆದು ಮಾಡುತ್ತೇವೆ. ಅಕ್ಷರ ಕಾಣದಿದ್ದರೆ ಮಸಿ ಹಚ್ಚಿ ಒರೆಸಿದಾಗ ಗೀರಿನಲ್ಲಿ ಮಸಿ ನಿಂತು ಸಾಲು ಎದ್ದು ಬರುತ್ತದೆ. ಆಮೇಲೆ ಸ್ಕ್ಯಾನ್. ಆದರೆ ತಲೆಗೆ ಕೆಲಸ ಇರುವುದು ವಿವರ ಬರೆಯುವಾಗ. ಕೃತಿ ಯಾವುದು, ಬರೆದುಕೊಂಡವರು ಯಾರು, ಸಂವತ್ಸರದ ಹೆಸರು ಮಾತ್ರ ಕೊಟ್ಟಿದ್ದರೆ ಇಸವಿ ಯಾವುದಿರಬಹುದು, ಎಷ್ಟು ಗರಿ ಉಂಟು, ಎಲ್ಲಿ ತುಂಡಾಗಿದೆ. ಈ ವಿವರ ಸರಿ ಇಲ್ಲದಿದ್ದರೆ ಸ್ಕ್ಯಾನ್ ಮಾಡಿಯೂ ಆ ಪ್ರತಿ ಯಾರ ಕೈಗೂ ಸಿಗುವುದಿಲ್ಲ.

ನನಗೆ ಈ ಕೆಲಸದ ಮೇಲೆ ಜೀವ. ಆದರೂ ಇದನ್ನು ಮಾತ್ರ ಹಿಡಿದುಕೊಂಡು ಬನ್ನಿ ಅಂತ ಹೇಳಲಾರೆ. ಹುದ್ದೆ ಕಡಿಮೆ, ಹೆಚ್ಚಿನದು ಯೋಜನೆ ಮುಗಿಯುವವರೆಗಿನ ನೇಮಕ. ಎಂಲಿಬ್ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮಾಡಿಕೊಂಡು, ಗ್ರಂಥಾಲಯ ನಡೆಸುವ ಕೋಹಾ, ಡಿಜಿಟಲ್ ಪ್ರತಿ ಕಾಪಿಡುವ ಡಿಸ್ಪೇಸ್ ತಂತ್ರಾಂಶ ಕಲಿತರೆ ಬಾಗಿಲು ಜಾಸ್ತಿ. ಎರಡೂ ಉಚಿತವಾಗಿ ಸಿಗುತ್ತವೆ. ಮೆಡಿಕಲ್ ಕಾಲೇಜುಗಳ ಗ್ರಂಥಾಲಯ, ಕಂಪನಿಗಳ ದಾಖಲೆ ವಿಭಾಗ ಎರಡಕ್ಕೂ ಇದೇ ಕೌಶಲ ಬೇಕು.

ಕಲ್ಯಾಣಪುರ

ಅನುವಾದದ ಬಗ್ಗೆ ಯಾರೂ ಹೇಳಿಲ್ಲ. ನನ್ನ ಹೊಟ್ಟೆಪಾಡು ಅದೇ. ಕಂಪನಿ, ಆಸ್ಪತ್ರೆ, ಬೀಜ–ಗೊಬ್ಬರದವರ ಬರಹಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇನೆ.

ಈಗ ಪರಿಸ್ಥಿತಿ ಬದಲಾಗಿದೆ ಅಂತ ಹೊಸಬರಿಗೆ ತಿಳಿದಿರಬೇಕು. ಮೊದಲು ಇಂಗ್ಲಿಷ್ ಕಳಿಸಿ ಅನುವಾದ ಮಾಡಿ ಅನ್ನುತ್ತಿದ್ದರು. ಈಗ ಯಂತ್ರ ಮಾಡಿದ ಕನ್ನಡವನ್ನೇ ಕಳಿಸಿ ತಿದ್ದಿ ಕೊಡಿ ಅನ್ನುತ್ತಾರೆ, ಪದದ ಲೆಕ್ಕದ ದರ ಇಳಿಸುತ್ತಾರೆ. ತಿದ್ದುವುದು ಕಮ್ಮಿ ಕೆಲಸ ಅಂತ ಅವರ ಲೆಕ್ಕ. ನಿಜವಾಗಿ ನೋಡಿದರೆ ಯಂತ್ರದ ಕನ್ನಡ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ, ತಪ್ಪು ಒಳಗೆ ಕೂತಿರುತ್ತದೆ. 'ಊಟಕ್ಕೆ ಮೊದಲು' ಅನ್ನುವುದು 'ಊಟದ ನಂತರ' ಆಗಿರುತ್ತದೆ, ಒಂದು 'ಬಾರದು' ಮಾಯವಾಗಿರುತ್ತದೆ. ಔಷಧದ ಚೀಟಿಯಲ್ಲಿ ಹೀಗಾದರೆ ಕಥೆ ಏನು? ಹಾಗಾಗಿ ನಾನು ತಿದ್ದುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೇಳುತ್ತೇನೆ. ಒಪ್ಪದವರೂ ಇದ್ದಾರೆ, ಒಪ್ಪುವವರೂ ಇದ್ದಾರೆ.

ಒಂದು ಕ್ಷೇತ್ರ ಹಿಡಿಯಿರಿ. ಎಲ್ಲ ಅನುವಾದ ಮಾಡುತ್ತೇನೆ ಅನ್ನುವವರು ತುಂಬಾ ಜನ. ಆಸ್ಪತ್ರೆಯ ಒಪ್ಪಿಗೆ ಪತ್ರ ಗೊತ್ತು, ಜಾಗದ ಪತ್ರ ಗೊತ್ತು ಅನ್ನುವವರು ಕಡಿಮೆ. ಒಮೆಗಾಟಿ ಅಂತ ಉಚಿತ ತಂತ್ರಾಂಶ ಇದೆ. ಹಿಂದೆ ಮಾಡಿದ ವಾಕ್ಯಗಳನ್ನು ನೆನಪಿಟ್ಟು ಎದುರಿಗೆ ತೋರಿಸುತ್ತದೆ. ಅದನ್ನು ಕಲಿತೇ ಕೆಲಸ ಕೇಳಿ.

ತುಳು ಬರುವವರಿಗೆ ಇದು ಹೊಸ ಕಾಲ. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತುಳು–ತಿಗಳಾರಿ ಲಿಪಿ ಕಂಪ್ಯೂಟರ್ ಅಕ್ಷರಗಳ ಮಾನದಂಡವಾದ ಯುನಿಕೋಡ್ 16ರಲ್ಲಿ ಬಂತು. ಮಾತನ್ನು ರೆಕಾರ್ಡ್ ಮಾಡುವುದು, ಅಕ್ಷರಕ್ಕಿಳಿಸುವುದು, ಯಂತ್ರದ ತುಳು ಸರಿಯಾ ಅಂತ ನೋಡುವುದು, ಇಂಥ ಬಿಡಿ ಕೆಲಸ ಬರುತ್ತದೆ. ಶುರು ಮಾಡುವ ಮೊದಲು ದುಡ್ಡು ಯಾವಾಗ, ಧ್ವನಿಯನ್ನು ಎಲ್ಲಿ ಬಳಸುತ್ತಾರೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ನನಗೆ ಒಂದು ಕಡೆಯಿಂದ ದುಡ್ಡು ಇನ್ನೂ ಬಂದಿಲ್ಲ.

ದೇರಳಕಟ್ಟೆ

ಕಲ್ಯಾಣಪುರದವರು ಹೇಳಿದ ಒಪ್ಪಿಗೆ ಪತ್ರದ ಕಡೆಯಿಂದಲೇ ನಾನು ಬರುತ್ತೇನೆ. ಎಂಎ ಸಮಾಜಶಾಸ್ತ್ರ ಮಾಡಿ ಆರೋಗ್ಯ ಸಂಶೋಧನೆಯ ಯೋಜನೆಗಳಲ್ಲಿ ಕೆಲಸ ಮಾಡುತ್ತೇನೆ. ಮಣಿಪಾಲ, ಕಂಕನಾಡಿ, ದೇರಳಕಟ್ಟೆ ಅಂತ ಇಷ್ಟೊಂದು ಮೆಡಿಕಲ್ ಕಾಲೇಜು ಇರುವ ಜಾಗ ಕಡಿಮೆ. ಮಣಿಪಾಲದ ಕೆಎಂಸಿ 1953ರಷ್ಟು ಹಿಂದಿನದು. ಜನರ ಮೇಲೆ ನಡೆಯುವ ಪ್ರತಿ ಅಧ್ಯಯನಕ್ಕೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಕೊಡಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿಯಲ್ಲಿ ಡಾಕ್ಟರಲ್ಲದವರೂ ಇರಬೇಕು.

ನನ್ನ ದಿನ ಹೆಚ್ಚಾಗಿ ಮನೆಮನೆಗೆ ಹೋಗುವುದರಲ್ಲಿ ಕಳೆಯುತ್ತದೆ. ಸಕ್ಕರೆ ಕಾಯಿಲೆಯ ಅಜ್ಜಿ ಮಾತ್ರೆ ಯಾಕೆ ಅರ್ಧಕ್ಕೆ ಬಿಟ್ಟರು ಅಂತ ಡಾಕ್ಟರ್ ಕೇಳಿದರೆ 'ಮರೆತೆ' ಅನ್ನುತ್ತಾರೆ. ತುಳುವಿನಲ್ಲಿ ಸುಖದುಃಖ ಮಾತಾಡುತ್ತಾ ಕೂತರೆ, ಸೊಸೆಗೆ ಖರ್ಚು ಹೇಳಲು ಸಂಕೋಚ ಅನ್ನುವುದು ಹೊರಗೆ ಬರುತ್ತದೆ. ನೇಮಕ ಯೋಜನೆಯ ಅವಧಿಗೆ ಮಾತ್ರ, ಅದು ಇದರ ಕಷ್ಟ. ಆಸ್ಪತ್ರೆಯಲ್ಲೇ ಕಾಯಂ ಸಮಾಜ ಕಾರ್ಯಕರ್ತರಾಗಬೇಕಾದರೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೇಳುತ್ತಾರೆ. ಮಂಗಳೂರಿನ ರೋಶನಿ ನಿಲಯ ಕಾಲೇಜಿನಂಥ ಕಡೆ ಅದನ್ನು ಮಾಡಬಹುದು.

ಕಡಲತಡಿ

ಇಷ್ಟೊಂದು ಜನ ಸಮಯ ಕೊಟ್ಟು ಬರೆದಿದ್ದೀರಿ. ತುಂಬಾ ತುಂಬಾ ಧನ್ಯವಾದ. ಅಪ್ಪನಿಗೂ ಓದಿ ಹೇಳಿದೆ. ಕರಂಗಲ್ಪಾಡಿಯವರು ಬರೆದದ್ದು ಕೇಳಿ ಅಪ್ಪ ಅಟ್ಟದಿಂದ ಹಳೆ ಕಾಗದದ ಕಟ್ಟು ಇಳಿಸಿದರು.

ಸದ್ಯಕ್ಕೆ ಹೀಗೆ ಯೋಚಿಸಿದ್ದೇನೆ. ಅಕ್ಕ ಹೇಳಿದ ಎರಡು ಪುಟದ ಬರಹ ಮೊದಲು. ಅದನ್ನು ಹಿಡಿದುಕೊಂಡು ಉಡುಪಿಯ ಆಪ್ ಕಂಪನಿಗಳಿಗೂ ಮಣಿಪಾಲದ ಆರೋಗ್ಯ ಯೋಜನೆಗಳಿಗೂ ಅರ್ಜಿ ಹಾಕುತ್ತೇನೆ. ಜೊತೆಗೆ ಬ್ಯಾಂಕ್ ಪರೀಕ್ಷೆ ಒಂದು ಸಲ ಬರೆಯುತ್ತೇನೆ ಸರ್. ಒಂದು ಸಂಶಯ ಮಾತ್ರ ಉಳಿದಿದೆ. ಆ ಹೆಂಗಸರು ನನಗೆ ಪ್ರಬಂಧಕ್ಕೆ ಅಂತ ಮಾತಾಡಿದ್ದು. ಅವರ ಸಾಲದ ವಿಷಯ, ಮನೆಯ ವಿಷಯ ಎಲ್ಲ ಅದರಲ್ಲಿದೆ. ಅದನ್ನು ಕೆಲಸ ಹುಡುಕಲು ಕಂಪನಿಗೆ ತೋರಿಸುವುದು ಸರಿಯಾ?

ದೇರಳಕಟ್ಟೆ

ಕೇಳಿದ್ದು ಒಳ್ಳೆಯದಾಯಿತು. ಪ್ರಬಂಧಕ್ಕೆ ಕೊಟ್ಟ ಒಪ್ಪಿಗೆ ಪ್ರಬಂಧಕ್ಕೆ ಮಾತ್ರ. ಮತ್ತೊಮ್ಮೆ ಹೋಗಿ ಅವರನ್ನೇ ಕೇಳಬೇಕು. 'ನನಗೆ ಕೆಲಸ ಹುಡುಕಲು ಎರಡು ಪುಟ ಬರೆಯುತ್ತಿದ್ದೇನೆ, ನಿಮ್ಮ ಹೆಸರು ಹಾಕುವುದಿಲ್ಲ, ಈ ಮಾತು ಹಾಕಬಹುದಾ' ಅಂತ ಆ ಸಾಲುಗಳನ್ನು ತುಳುವಿನಲ್ಲೇ ಓದಿ ಹೇಳಿ. ಬೇಡ ಅಂದದ್ದನ್ನು ತೆಗೆದುಬಿಡಿ. ಹೆಸರು ತೆಗೆದರೆ ಸಾಲದು. ಮಲ್ಪೆಯಲ್ಲಿ 'ಇಬ್ಬರು ಹೆಣ್ಣುಮಕ್ಕಳ ವಿಧವೆ, ಇಂಥ ಜಾಗದಲ್ಲಿ ಕೂರುವವರು' ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅಂಥ ಗುರುತೂ ಹೋಗಬೇಕು. ರೆಕಾರ್ಡಿಂಗ್ ಯಾರಿಗೂ ಕೊಡಬೇಡಿ. ಕಂಪನಿಯವರು ಕೇಳಿದರೂ ಇಲ್ಲ ಅನ್ನಿ.

ಬೆಳಿಗ್ಗೆ ಹರಾಜಿನ ಹೊತ್ತಿಗೆ ಹೋದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮಧ್ಯಾಹ್ನದ ನಂತರ ಮನೆಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್‌ಗಳಿಗೆ ರಜೆ, ಆಗ ಇನ್ನೂ ಆರಾಮವಾಗಿ ಕೂತು ಮಾತಾಡಲು ಸಿಗುತ್ತಾರೆ.

ಕರಂಗಲ್ಪಾಡಿ

ಅಟ್ಟದಿಂದ ಇಳಿಸಿದ ಕಟ್ಟನ್ನು ಬಿಚ್ಚುವಾಗ ಮಡಿಕೆಯಲ್ಲಿ ಹರಿಯುತ್ತದೆ, ನಿಧಾನ. ಮೊದಲು ಎಲ್ಲದರ ಫೋಟೋ ತೆಗೆದು ಒಂದೊಂದಕ್ಕೂ ನಂಬರ್ ಹಾಕಿ. ಆಮೇಲೆ ತಾರೀಕುವಾರು ಒಂದು ಪಟ್ಟಿ ಮಾಡಿ: ಯಾವ ಪತ್ರ, ಯಾರಿಂದ ಯಾರಿಗೆ, ಸರ್ವೆ ನಂಬರ್, ಗಡಿ. ಓದಲು ಆಗದ ಜಾಗದಲ್ಲಿ ಊಹಿಸಿ ಬರೆಯಬೇಡಿ, ಖಾಲಿ ಬಿಡಿ. ಪಟ್ಟಿ ಆದ ಮೇಲೆ ನನಗೆ ಮೆಸೇಜ್ ಮಾಡಿ, ಕೂತು ನೋಡೋಣ.